ಕಡಿದಾದ ಬಂಡೆಗೆ ಕಾಲುದಾರಿ ಕೂರಿಸುವುದು ಹೇಗೆ?

ಕಮರಿಯ ಗೋಡೆಗೆ ಅಂಟಿಕೊಂಡ ಕಾಲುದಾರಿಯ ಫೋಟೊ ತೋರಿಸಿದರೆ ಎಲ್ಲರ ಕಣ್ಣೂ ಮೊದಲು ಕೆಳಗೆ ಹೋಗುತ್ತದೆ. ನೂರು ಮೀಟರ್ ಆಳದಲ್ಲಿ ನದಿ, ಕಾಲಡಿ ನಾಲ್ಕು ಹಲಗೆ. ಎದೆ ಝಲ್ ಅನ್ನುತ್ತದೆ. ಆದರೆ ಅಂಥ ದಾರಿ ಹೇಗೆ ನಿಂತಿದೆ ಅಂತ ತಿಳಿಯಬೇಕಾದರೆ ಹಲಗೆ ಬಂಡೆಯನ್ನು ಮುಟ್ಟುವ ಜಾಗ ನೋಡಬೇಕು. ಅಲ್ಲೊಂದು ಉಕ್ಕಿನ ತುಂಡು, ಎರಡು ಮೂರು ನಟ್ಟು ಕಾಣುತ್ತವೆ. ಕಣ್ಣಿಗೆ ಸಿಗುವುದು ಅಷ್ಟೇ. ದಾರಿಯನ್ನು ಹಿಡಿದಿಟ್ಟಿರುವುದೆಲ್ಲ ಬಂಡೆಯ ಒಳಗಿದೆ.

ಇದನ್ನು ವಿವರಿಸಲು ನನಗೆ ಬಹಳ ಇಷ್ಟವಾದ ಉದಾಹರಣೆ ಸ್ಪೇನಿನ ಕಮಿನಿತೊ ದೆಲ್ ರೇ. ಹೆಸರಿನ ಅರ್ಥ ‘ರಾಜನ ಕಿರುದಾರಿ’. ದಕ್ಷಿಣ ಸ್ಪೇನಿನ ಮಾಲಗ ಪ್ರಾಂತ್ಯದಲ್ಲಿ, ಗ್ವಾದಲೋರ್ಸೆ ನದಿ ಸುಣ್ಣಕಲ್ಲಿನ ಬೆಟ್ಟವನ್ನು ಸೀಳಿಕೊಂಡು ಹರಿಯುವ ಕಡೆ ಇದೆ. ಅಲ್ಲೊಂದು ಜಲವಿದ್ಯುತ್ ಕಂಪನಿ ಇತ್ತು. ಕಮರಿಯ ಮೇಲ್ತುದಿಯಿಂದ ಕೆಳತುದಿಗೆ ಕಾಲುವೆಯಲ್ಲಿ ನೀರು ತಂದು ವಿದ್ಯುತ್ ಮಾಡುತ್ತಿದ್ದರು. ಆ ಕಾಲುವೆ ನೋಡಿಕೊಳ್ಳುವ ಕೆಲಸಗಾರರು ಓಡಾಡಲು ಒಂದು ದಾರಿ ಬೇಕಿತ್ತು. 1901ರಲ್ಲಿ ಶುರುಮಾಡಿ 1905ಕ್ಕೆ ಮುಗಿಸಿದರು. 1921ರಲ್ಲಿ ಪಕ್ಕದ ಅಣೆಕಟ್ಟೆಯ ಸಮಾರಂಭಕ್ಕೆ ಬಂದ ದೊರೆ 13ನೇ ಅಲ್ಫೋನ್ಸೊ ಈ ದಾರಿಗೂ ಬಂದ. ಹೆಸರು ಅಲ್ಲಿಂದ ಬಂತು. ಆದರೆ ಅದನ್ನು ದಿನಾ ಬಳಸಿದವರು ಕೂಲಿಯವರು, ಆಸುಪಾಸಿನ ಹಳ್ಳಿಯ ಜನ.

ಹಳೆಯ ದಾರಿಯ ಅಗಲ ಸುಮಾರು ಒಂದು ಮೀಟರ್. ಬಂಡೆಯಲ್ಲಿ ತೂತು ಕೊರೆದು, ಹಳಿಯಂಥ ಕಬ್ಬಿಣದ ತೊಲೆಗಳನ್ನು ಕೂರಿಸಿ, ಕೆಳಗಿನಿಂದ ಓರೆಯಾಗಿ ಆಸರೆ ಕೊಟ್ಟು, ಮೇಲೆ ತೆಳುವಾದ ಕಾಂಕ್ರೀಟ್ ಹಾಸಿದ್ದರು. ನಮ್ಮ ಹಳೆಯ ಮನೆಗಳ ಕಿಟಕಿ ಮೇಲಿನ ಚಜ್ಜಾ ಇದೆಯಲ್ಲ, ಅದೇ ತರಹ. ಒಂದು ತುದಿ ಗೋಡೆಯಲ್ಲಿ, ಇನ್ನೊಂದು ತುದಿ ಗಾಳಿಯಲ್ಲಿ. ಎಂಜಿನಿಯರುಗಳು ಇದಕ್ಕೆ ಕ್ಯಾಂಟಿಲಿವರ್ ಅನ್ನುತ್ತಾರೆ.

ಈ ಕ್ಯಾಂಟಿಲಿವರ್ ಅರ್ಥವಾದರೆ ಅರ್ಧ ಕೆಲಸ ಆದ ಹಾಗೆ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಅರ್ಧ ಮೈಲಿ ನಡೆಯಬಹುದು. ಅದೇ ಬಿಂದಿಗೆಯನ್ನು ಕೈ ಚಾಚಿ ಹಿಡಿಯಿರಿ, ನಾಲ್ಕು ಹೆಜ್ಜೆಗೆ ಭುಜ ಬಿದ್ದುಹೋಗುತ್ತದೆ. ನೀರಿನ ತೂಕ ಹೆಚ್ಚಾಗಲಿಲ್ಲ. ಮೈಯಿಂದ ದೂರ ಹೋಯಿತು, ಅಷ್ಟೇ. ಬಂಡೆಗೆ ಕೂರಿಸಿದ ದಾರಿಯಲ್ಲೂ ಹೀಗೆಯೇ. ತೂಕ ಎಷ್ಟು ಅನ್ನುವುದರ ಜೊತೆಗೆ ಅದು ಗೋಡೆಯಿಂದ ಎಷ್ಟು ದೂರ ಇದೆ ಅನ್ನುವುದೂ ಮುಖ್ಯ.

ಒಂದು ಸಣ್ಣ ಲೆಕ್ಕ ಮಾಡೋಣ. ಜನ ಓಡಾಡುವ ಸೇತುವೆಗೆ ಚದರ ಮೀಟರಿಗೆ 500 ಕಿಲೊ ಭಾರ ಹಿಡಿಯುವುದು ಸಾಮಾನ್ಯ ರೂಢಿ. ಭುಜಕ್ಕೆ ಭುಜ ತಾಗುವಷ್ಟು ಜನ ನಿಂತರೆ ಎಷ್ಟಾಗಬಹುದೋ ಅಷ್ಟು. ದಾರಿ ಒಂದು ಮೀಟರ್ ಅಗಲ, ಒಂದೂವರೆ ಮೀಟರಿಗೊಂದು ಬ್ರಾಕೆಟ್, ಅಂದರೆ ಹಲಗೆ ಹೊರಲು ಬಂಡೆಗೆ ಬೋಲ್ಟು ಹಾಕಿ ಕೂರಿಸಿದ ಉಕ್ಕಿನ ಆಸರೆ, ಇದೆ ಅಂದುಕೊಳ್ಳಿ. ಒಂದೊಂದು ಬ್ರಾಕೆಟ್ ಮೇಲೆ 750 ಕಿಲೊ ಬೀಳುತ್ತದೆ. ಆ ತೂಕದ ನಡುಬಿಂದು ಗೋಡೆಯಿಂದ ಅರ್ಧ ಮೀಟರ್ ಆಚೆ ಇರುತ್ತದೆ. ಹಾಗಾಗಿ ಬ್ರಾಕೆಟ್ ಕೆಳಮುಖವಾಗಿ ಬಾಗಲು ನೋಡುತ್ತದೆ. ಮೇಲಿನ ಬೋಲ್ಟನ್ನು ಬಂಡೆಯಿಂದ ಕಿತ್ತುಕೊಳ್ಳಲು ಎಳೆಯುತ್ತದೆ, ಕೆಳಗಿನ ತುದಿಯನ್ನು ಬಂಡೆಗೆ ಒತ್ತುತ್ತದೆ. ಮೇಲಿನ ಬೋಲ್ಟಿಗೂ ಕೆಳಗಿನ ತುದಿಗೂ ಅರ್ಧ ಮೀಟರ್ ಅಂತರ ಇದ್ದರೆ ಮೇಲಿನ ಬೋಲ್ಟಿನ ಮೇಲೆ 750 ಕಿಲೊ ಎಳೆತ. ಅಂತರ ಕಾಲು ಮೀಟರ್ ಆದರೆ ಎಳೆತ 1,500 ಕಿಲೊ. ಕೆಳಗಿನಿಂದ ಓರೆಯಾಗಿ ಆಸರೆ ಕೊಡುವುದು ಯಾಕೆ ಅಂತ ಈಗ ಗೊತ್ತಾಯಿತು ಅಲ್ವಾ?

ಈಗ ದಾರಿಯನ್ನು ಎರಡು ಮೀಟರ್ ಅಗಲ ಮಾಡೋಣ. ಜನ ಎರಡರಷ್ಟು, ಆದ್ದರಿಂದ ತೂಕ ಎರಡರಷ್ಟು. ನಡುಬಿಂದು ಗೋಡೆಯಿಂದ ಎರಡರಷ್ಟು ದೂರ. ಎರಡೂ ಸೇರಿ ಬೋಲ್ಟಿನ ಎಳೆತ ನಾಲ್ಕು ಪಟ್ಟು. ಅಗಲ ಒಂದು ಪಟ್ಟು ಹೆಚ್ಚಿಸಿದ್ದಕ್ಕೆ 750 ಕಿಲೊ ಇದ್ದದ್ದು 3,000 ಕಿಲೊ ಆಯಿತು. ಲೋಕದಲ್ಲಿ ಇಂಥ ದಾರಿಗಳು ಹೆಚ್ಚಾಗಿ ಇಬ್ಬರು ಕಷ್ಟದಲ್ಲಿ ದಾಟಿಕೊಳ್ಳುವಷ್ಟು ಕಿರಿದಾಗಿರುವುದರ ಹಿಂದೆ ಈ ಲೆಕ್ಕ ಇದೆ. ಕಮಿನಿತೊದಲ್ಲಿ ಈಗ ಎಲ್ಲರೂ ಒಂದೇ ದಿಕ್ಕಿನಲ್ಲಿ, ಉತ್ತರದಿಂದ ದಕ್ಷಿಣಕ್ಕೆ ನಡೆಯಬೇಕು. ಎದುರು ಬರುವವರಿಗೆ ಜಾಗ ಬಿಡುವ ಪ್ರಶ್ನೆಯೇ ಇಲ್ಲ. ಹಾಗಾಗಿ ದಾರಿ ಕಿರಿದಾಗಿದ್ದರೂ ನಡೆಯುತ್ತದೆ.

ಇಷ್ಟು ಎಳೆತವನ್ನು ಉಕ್ಕು ತಾಳುತ್ತದಾ? ಆರಾಮಾಗಿ. ಮನೆಯ ಪಿಲ್ಲರಿಗೆ ಹಾಕುವ 16 ಎಂಎಂ ಕಂಬಿಯೇ ಹತ್ತು ಟನ್ ಹತ್ತಿರದ ಎಳೆತ ತಡೆಯುತ್ತದೆ. ಅಂದರೆ ಚಿಂತೆ ಮಾಡಬೇಕಾದ್ದು ಕಂಬಿಯ ಬಗ್ಗೆ ಅಲ್ಲ. ಬಂಡೆಯ ತೂತಿನಲ್ಲಿ ಕಂಬಿಯನ್ನು ಹಿಡಿದಿರುವ ಅಂಟಿನ ಬಗ್ಗೆ, ಅಂಟನ್ನು ಹಿಡಿದಿರುವ ಬಂಡೆಯ ಬಗ್ಗೆ.

ಕೆಲವು ವರ್ಷಗಳ ಹಿಂದೆ ನಮ್ಮ ಅಡುಗೆಮನೆ ಗೋಡೆಗೆ ಒಂದು ಶೆಲ್ಫ್ ಹೊಡೆಸಿದ್ದೆ. ಡ್ರಿಲ್ ಮಾಡಿದವರು ಪ್ಲಗ್ ತುರುಕಿ, ಸ್ಕ್ರೂ ಬಿಗಿದು ಹತ್ತು ನಿಮಿಷದಲ್ಲಿ ಮುಗಿಸಿದರು. ಆರು ತಿಂಗಳಿಗೆ ಶೆಲ್ಫ್ ಒಂದು ಬದಿಗೆ ವಾಲಿತು. ಸ್ಕ್ರೂ ಹಿಡಿದು ಎಳೆದರೆ ಪ್ಲಗ್ ಸಮೇತ ಕೈಗೆ ಬಂತು. ಪ್ಲಗ್ಗಿನ ಸುತ್ತ ಕೆಂಪು ಇಟ್ಟಿಗೆ ಪುಡಿ ಮೆತ್ತಿಕೊಂಡಿತ್ತು. ತೂತಿನೊಳಗೆ ಬೆರಳು ಹಾಕಿದರೆ ಇನ್ನೂ ಅಷ್ಟು ಪುಡಿ. ಅಂದರೆ ಪ್ಲಗ್ ಗೋಡೆಯನ್ನು ಹಿಡಿದೇ ಇರಲಿಲ್ಲ, ಪುಡಿಯನ್ನು ಹಿಡಿದಿತ್ತು.

ಬಂಡೆಯಲ್ಲೂ ಇದೇ ಅಪಾಯ. ಬಂಡೆಯೊಳಗೆ ಅಂಟಿಸುವ ಕಂಬಿಗೆ ಆಂಕರ್ ಅನ್ನುತ್ತಾರೆ. ಅದನ್ನು ಕೂರಿಸುವಾಗ ಮೊದಲು ಡ್ರಿಲ್ಲಿನಿಂದ ತೂತು ಕೊರೆಯುತ್ತಾರೆ. ಕೊರೆದ ಮೇಲೆ ತೂತಿನ ತುಂಬ ನುಣ್ಣನೆ ಕಲ್ಲುಪುಡಿ ಇರುತ್ತದೆ. ಪೈಪನ್ನು ತೂತಿನ ತಳದವರೆಗೆ ಇಳಿಸಿ ಗಾಳಿ ಊದುತ್ತಾರೆ. ಆಮೇಲೆ ಬಾಟಲಿ ತೊಳೆಯುವ ಬ್ರಶ್ಶಿನಂಥ ತಂತಿ ಬ್ರಶ್ ಹಾಕಿ ಉಜ್ಜುತ್ತಾರೆ. ಮತ್ತೆ ಊದುತ್ತಾರೆ, ಮತ್ತೆ ಉಜ್ಜುತ್ತಾರೆ. ಹೊರಗೆ ಬರುವ ಗಾಳಿಯಲ್ಲಿ ಪುಡಿ ಕಾಣದ ಹಾಗೆ ಆಗುವವರೆಗೂ ಬಿಡುವಂತಿಲ್ಲ. ಆಮೇಲೆ ರೆಸಿನ್ ಎಂಬ ಗಟ್ಟಿಯಾಗುವ ಅಂಟನ್ನು ಅಥವಾ ತೆಳುವಾಗಿ ಕಲಸಿದ ಸಿಮೆಂಟನ್ನು ತಳದಿಂದ ತುಂಬಿಕೊಂಡು ಬರಬೇಕು. ತೂತಿನ ಬಾಯಿಯ ಕಡೆಯಿಂದ ತುಂಬಿದರೆ ಒಳಗೆ ಗಾಳಿಗುಳ್ಳೆ ಉಳಿಯುತ್ತದೆ. ಕೊನೆಗೆ ಸ್ಕ್ರೂವಿನಂತೆ ಸುತ್ತುಗೆರೆ ಇರುವ ಕಂಬಿಯನ್ನು ತಿರುಗಿಸುತ್ತ ಒಳಗೆ ತಳ್ಳುತ್ತಾರೆ. ತೂತಿನ ಬಾಯಿಯಲ್ಲಿ ರೆಸಿನ್ ಸ್ವಲ್ಪ ಉಕ್ಕಿ ಹೊರಗೆ ಬರಬೇಕು. ಬರದಿದ್ದರೆ ಒಳಗೆಲ್ಲೋ ಖಾಲಿ ಇದೆ ಅಂತ ಅರ್ಥ. ಗಟ್ಟಿಯಾಗುವವರೆಗೆ ಯಾರೂ ಮುಟ್ಟಬಾರದು.

ಇದನ್ನೆಲ್ಲ ಮಾಡುವವರು ಹಗ್ಗದಲ್ಲಿ ನೇತಾಡುತ್ತ ಮಾಡುತ್ತಾರೆ. ಒಬ್ಬೊಬ್ಬರಿಗೆ ಎರಡು ಹಗ್ಗ. ಒಂದು ಕೆಲಸಕ್ಕೆ, ಇನ್ನೊಂದು ಮೊದಲನೆಯದು ಕೈಕೊಟ್ಟರೆ ಹಿಡಿಯಲು. ಎರಡನ್ನೂ ಬೇರೆ ಬೇರೆ ಜಾಗಕ್ಕೆ ಕಟ್ಟಿರಬೇಕು. ಸುತ್ತಿಗೆಯಿಂದ ಸ್ಪ್ಯಾನರ್‌ವರೆಗೆ ಎಲ್ಲ ಸಾಮಾನನ್ನೂ ದಾರದಿಂದ ಮೈಗೆ ಕಟ್ಟಿಕೊಂಡಿರುತ್ತಾರೆ. ಹಾಗೆ ನೇತಾಡುತ್ತ ಬಂಡೆಗೆ ಡ್ರಿಲ್ ಒತ್ತಿದರೆ ಮೈಯೇ ಹಿಂದಕ್ಕೆ ತಳ್ಳಿಕೊಳ್ಳುತ್ತದೆ, ಕಾಲೂರಲು ಜಾಗ ಇಲ್ಲ. ಅಂಥ ಸ್ಥಿತಿಯಲ್ಲಿ ತೂತನ್ನು ಮೂರು ನಾಲ್ಕು ಸಲ ಉಜ್ಜಿ ಊದುವ ತಾಳ್ಮೆ ಇಟ್ಟುಕೊಳ್ಳುವುದು ಸುಮ್ನೆ ಮಾತಲ್ಲ. ಈ ದಾರಿಗಳ ಮೇಲೆ ನಡೆಯುವವರ ಜೀವ ಆ ತಾಳ್ಮೆಯ ಮೇಲೆ ನಿಂತಿದೆ ಅಂತ ನಾನು ನಂಬಿದ್ದೇನೆ.

ನಂಬಿಕೆ ಒಂದೇ ಸಾಲದು ಅಂತ ಎಳೆದೂ ನೋಡುತ್ತಾರೆ. ಆಂಕರಿನ ಹೊರಗಿನ ತುದಿಗೆ ನಡುವೆ ತೂತಿರುವ ಒಂದು ಜ್ಯಾಕ್ ತೊಡಿಸುತ್ತಾರೆ. ಕೈಪಂಪಿನಿಂದ ಎಣ್ಣೆಯ ಒತ್ತಡ ಏರಿಸುತ್ತ ಹೋದಂತೆ ಜ್ಯಾಕ್ ಕಂಬಿಯನ್ನು ಹೊರಗೆಳೆಯುತ್ತದೆ. ಪಕ್ಕದಲ್ಲಿ ಒಂದು ಮುಳ್ಳಿನ ಮಾಪಕ ಇರುತ್ತದೆ, ಕೂದಲೆಳೆಯಷ್ಟು ಅಲುಗಿದರೂ ಅದು ತೋರಿಸುತ್ತದೆ. ದಿನಬಳಕೆಯಲ್ಲಿ ಬೀಳಬಹುದಾದ ಎಳೆತಕ್ಕಿಂತ ಜಾಸ್ತಿ ಎಳೆದು, ಕೆಲವು ನಿಮಿಷ ಹಾಗೇ ಹಿಡಿಯುತ್ತಾರೆ. ಮುಳ್ಳು ಒಂದು ಕಡೆ ನಿಂತರೆ ಸರಿ. ನಿಧಾನವಾಗಿ ಸರಿಯುತ್ತಲೇ ಇದ್ದರೆ ಆ ಆಂಕರ್ ಬೇಡ. ಬೇರೆ ಕಡೆ ಹೊಸದಾಗಿ ಕೊರೆಯಬೇಕು.

ಇಲ್ಲಿಯವರೆಗೆ ಹೇಳಿದ್ದು ಒಂದು ತೂತಿನ ಕತೆ. ತೂತು ಚೆನ್ನಾಗಿದ್ದು, ತೂತಿರುವ ಕಲ್ಲೇ ಬೆಟ್ಟದಿಂದ ಕಳಚಿಕೊಂಡರೆ?

ದೂರದಿಂದ ನೋಡಿದರೆ ಬಂಡೆ ಒಂದೇ ತುಂಡು ಅನ್ನಿಸುತ್ತದೆ. ಹತ್ತಿರ ಹೋದರೆ ತುಂಬ ಸೀಳು, ಬಿರುಕು, ಪದರ. ಅವು ಯಾವ ಕಡೆ ವಾಲಿವೆ ಅನ್ನುವುದೇ ದೊಡ್ಡ ಪ್ರಶ್ನೆ. ಒಂದರ ಮೇಲೊಂದು ಪೇರಿಸಿದ ಕಲ್ಲು ಚಪ್ಪಡಿಗಳನ್ನು ನೆನೆಸಿಕೊಳ್ಳಿ. ಪೂರಾ ರಾಶಿ ಬೆಟ್ಟದ ಒಳಗಡೆ ವಾಲಿದ್ದರೆ ಜಾರುವ ಚಿಂತೆಯಿಲ್ಲ. ಕಮರಿಯ ಕಡೆ ವಾಲಿದ್ದರೆ ಮೇಲಿನ ಚಪ್ಪಡಿ ಒಂದು ದಿನ ಜಾರುತ್ತದೆ. ಪದರಗಳು ನೆಟ್ಟಗೆ ನಿಂತಿದ್ದರೆ ಬೇರೆ ತೊಂದರೆ. ಆಸರೆಯಿಲ್ಲದೆ ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕದ ಹಾಗೆ ಹೊರಗಿನದು ಮುಂದಕ್ಕೆ ಬಾಗಿ ಬೀಳಬಹುದು. ಎರಡು ಬಿರುಕು ಕೂಡುವ ಕಡೆ ಹಲಸಿನ ತೊಳೆ ಬಿಡಿಸಿದಂತೆ ಒಂದು ತುಂಡು ಪೂರ್ತಿ ಕಳಚಿಕೊಳ್ಳುವುದೂ ಉಂಟು. ಕಮಿನಿತೊದ ಗೈತಾನೆಸ್ ಕಮರಿಯಲ್ಲಿ ಸುಣ್ಣಕಲ್ಲಿನ ಪದರಗಳು ಹೆಚ್ಚೂಕಡಿಮೆ ನೆಟ್ಟಗೆ ನಿಂತಿವೆ. ಒಂದು ಕಾಲದಲ್ಲಿ ಕಡಲ ತಳದಲ್ಲಿ ಮಲಗಿದ್ದ ಪದರಗಳವು, ಭೂಮಿಯ ಒತ್ತಡಕ್ಕೆ ಎದ್ದು ನಿಂತಿವೆ.

ಹಾಗಾಗಿ ಒಂದು ಹಲಗೆ ಕೂರಿಸುವ ಮೊದಲೇ ಭೂವಿಜ್ಞಾನಿಗಳು ಬಂಡೆಯನ್ನು ಅಂಗುಲ ಅಂಗುಲ ನೋಡಬೇಕು. ಬಿರುಕು ಎಷ್ಟು ಉದ್ದ, ಒಳಗೆ ಮಣ್ಣು ತುಂಬಿದೆಯಾ, ನೀರು ಒಸರುತ್ತಿದೆಯಾ, ಎಲ್ಲ ಬರೆದುಕೊಳ್ಳುತ್ತಾರೆ. ಇವತ್ತು ಲೇಸರ್, ಡ್ರೋನ್ ಬಂದಿವೆ, ಆದರೂ ಸುತ್ತಿಗೆಯಿಂದ ತಟ್ಟಿ ನೋಡುವುದನ್ನು ಬಿಟ್ಟಿಲ್ಲ. ಗಟ್ಟಿ ಕಲ್ಲು ‘ಠಣ್’ ಅನ್ನುತ್ತದೆ. ಹಿಂದೆ ಪೊಳ್ಳಿದ್ದರೆ ‘ಡಬ್’ ಅಂತ ಮಂಕಾದ ಸದ್ದು. ಇದನ್ನು ನಮ್ಮ ಕಲ್ಲುಕುಟಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಡಿಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುವವರಿಗೂ ಗೊತ್ತು.

ಸಡಿಲವಾದ ಕಲ್ಲುಗಳನ್ನು ಹಾರೆಯಿಂದ ಮೀಟಿ ಬೇಕಂತಲೇ ಬೀಳಿಸುತ್ತಾರೆ, ಜನ ಬರುವ ಮೊದಲೇ ಅವು ಬೀಳಲಿ ಅಂತ. ಬೀಳಿಸಲಾಗದಷ್ಟು ದೊಡ್ಡದಾಗಿದ್ದರೆ ಉದ್ದನೆಯ ಬೋಲ್ಟನ್ನು ಆ ಕಲ್ಲಿನ ಮೂಲಕ ಹಿಂದಿನ ಗಟ್ಟಿ ಬಂಡೆಯವರೆಗೆ ಇಳಿಸಿ ಹೊಲಿದುಬಿಡುತ್ತಾರೆ. ಚಿಕ್ಕಚಿಕ್ಕ ಕಲ್ಲು ಉದುರುವ ಕಡೆ ಉಕ್ಕಿನ ಬಲೆ ಹೊದಿಸುತ್ತಾರೆ. ಇಷ್ಟಾದ ಮೇಲೂ ಕಮಿನಿತೊದಲ್ಲಿ ನಡೆಯುವ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕೊಡುತ್ತಾರೆ. ಮೇಲೆ ಕಾಡುಮೇಕೆ ಒಂದು ಹೆಜ್ಜೆ ಇಟ್ಟರೂ ಬೆರಳು ಗಾತ್ರದ ಕಲ್ಲು ಉರುಳಬಹುದು. ಐವತ್ತು ಮೀಟರ್ ಬಿದ್ದ ಮೇಲೆ ಅದು ಬೆರಳು ಗಾತ್ರದ ಪೆಟ್ಟು ಕೊಡುವುದಿಲ್ಲ.

ಬಂಡೆಯ ದೊಡ್ಡ ಶತ್ರು ನೀರು. ಐದು ಮೀಟರ್ ಆಳದ ಬಿರುಕಿನಲ್ಲಿ ಮಳೆನೀರು ತುಂಬಿ ನಿಂತರೆ, ತಳದಲ್ಲಿ ಚದರ ಮೀಟರಿಗೆ ಐದು ಟನ್ ಬಲದಿಂದ ಕಲ್ಲನ್ನು ಹೊರಗೆ ತಳ್ಳುತ್ತದೆ. ಬಿರುಕು ಎಷ್ಟು ಅಗಲ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಬೆರಳಿನಷ್ಟು ಇದ್ದರೂ ಅದೇ ಒತ್ತಡ. ನೀರು ಹೊರಗೆ ಹೋಗಲಿ ಅಂತ ಬಂಡೆಯಲ್ಲಿ ಬೇರೆಯದೇ ತೂತು ಕೊರೆದು ಬಿಡುತ್ತಾರೆ. ಘಾಟಿ ರಸ್ತೆಯ ತಡೆಗೋಡೆಗಳಲ್ಲಿ ಸಾಲಾಗಿ ಸಣ್ಣ ಪೈಪುಗಳು ಇಣುಕುತ್ತಿರುತ್ತವಲ್ಲ, ಅದೇ ಉಪಾಯ. ಚಳಿ ದೇಶಗಳಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಬಿರುಕನ್ನು ಬೆಣೆಯಂತೆ ಅಗಲಿಸುತ್ತದೆ.

ಈ ವಿದ್ಯೆ ಹೊಸದೇನಲ್ಲ. ಚೀನಾದ ಚಿನ್‌ಲಿಂಗ್ ಬೆಟ್ಟಸಾಲಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಬಂಡೆಗೆ ಚೌಕಾಕಾರದ ತೂತು ಕೊರೆದು, ಮರದ ತೊಲೆ ಹೊಗಿಸಿ, ಹಲಗೆ ಹಾಸಿ ದಾರಿ ಮಾಡಿದ್ದರು. ಕ್ರಿಸ್ತಪೂರ್ವ 206ರಲ್ಲಿ ಲಿಯು ಬಾಂಗ್ ಎಂಬ ದಂಡನಾಯಕ ತಾನು ದಾಟಿದ ಮೇಲೆ ಆ ದಾರಿಗಳನ್ನು ಸುಟ್ಟುಹಾಕಿಸಿದ. ಇನ್ನು ಹಿಂದಿರುಗಿ ಬರುವುದಿಲ್ಲ ಅಂತ ಎದುರಾಳಿ ನಂಬಲಿ ಅಂತ. ಮುಂದೆ ಅವನೇ ಹಾನ್ ವಂಶದ ಮೊದಲ ಸಾಮ್ರಾಟನಾದ. ಮರ ಎಂದೋ ಹೋಯಿತು. ಸಾಲು ಸಾಲು ತೂತುಗಳನ್ನು ಅಲ್ಲಿನ ಬಂಡೆಗಳಲ್ಲಿ ಇಂದಿಗೂ ನೋಡಬಹುದು.

ನಮ್ಮ ದೇಶದಲ್ಲೂ ಒಂದಿದೆ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ನೆಲಾಂಗ್ ಕಣಿವೆಯಲ್ಲಿರುವ ಗರ್ತಾಂಗ್ ಗಲಿ. ಟಿಬೆಟ್ ಜೊತೆ ಉಪ್ಪು, ಉಣ್ಣೆ ವ್ಯಾಪಾರ ನಡೆಯುತ್ತಿದ್ದ ಕಾಲದ ದಾರಿ. ಪೇಶಾವರದಿಂದ ಬಂದ ಪಠಾಣರು ಕಟ್ಟಿದ್ದು ಅಂತ ಅಲ್ಲಿನವರು ಹೇಳುತ್ತಾರೆ. ಬಂಡೆಯಲ್ಲಿ ಕಬ್ಬಿಣದ ಸರಳು ಊರಿ, ಮೇಲೆ ಮರ ಹಾಸಿದ ಕಟ್ಟಣೆ. 1962ರ ಯುದ್ಧದ ನಂತರ ಮುಚ್ಚಿಹೋಗಿ, ದುರಸ್ತಿಯಾಗಿ 2021ರ ಆಗಸ್ಟಿನಲ್ಲಿ ಮತ್ತೆ ತೆರೆಯಿತು. ಉದ್ದ 136 ಮೀಟರ್ ಅಷ್ಟೇ, ಆದರೆ ಇರುವುದು ಸಮುದ್ರಮಟ್ಟದಿಂದ ಸುಮಾರು 11,000 ಅಡಿ ಎತ್ತರದಲ್ಲಿ.

ಮರದ ಹಲಗೆಯನ್ನು ಇವತ್ತಿಗೂ ಬಳಸುವುದಕ್ಕೆ ಒಳ್ಳೆಯ ಕಾರಣಗಳಿವೆ. ಹಗುರ. ಹಲಗೆಗಳ ನಡುವಿನ ಸಂದಿನಲ್ಲಿ ನೀರೂ ಗಾಳಿಯೂ ದಾಟಿಹೋಗುತ್ತವೆ. ಮೇಲಿನಿಂದ ಕಲ್ಲು ಬಿದ್ದು ಒಂದು ಹಲಗೆ ಮುರಿದರೆ ಅದೊಂದನ್ನೇ ಬಿಚ್ಚಿ ಬೇರೆ ಹಾಕಬಹುದು. ಇಬ್ಬರು ಒಂದು ಗಂಟೆಯಲ್ಲಿ ಮಾಡುವ ಕೆಲಸ. ಕಾಂಕ್ರೀಟ್ ಹಾಸು ಬಿರುಕು ಬಿಟ್ಟರೆ ಹಾಗೆ ಆಗುವುದಿಲ್ಲ. ಚೀನಾದಲ್ಲಿ ಗಾಜಿನ ದಾರಿಗಳ ಹುಚ್ಚು ಹತ್ತಿದೆ. ತಿಯಾನ್‌ಮೆನ್ ಬೆಟ್ಟದ್ದು ಬಹಳ ಹೆಸರುವಾಸಿ. ಅಲ್ಲಿಯೂ ಗಾಜಿನ ಕೆಳಗಿರುವುದು ಬಂಡೆಯಿಂದ ಹೊರಚಾಚಿದ ಆಸರೆಗಳೇ. ಗಾಜನ್ನು ಪದರ ಪದರವಾಗಿ ಅಂಟಿಸಿರುತ್ತಾರೆ. 2015ರಲ್ಲಿ ಯುನ್‌ತಾಯ್ ಬೆಟ್ಟದ ದಾರಿಯಲ್ಲಿ ಗಾಜು ಸೀಳಿ ಜನ ಕೂಗಿಕೊಂಡು ಓಡಿದಾಗ ಒಡೆದದ್ದು ಮೂರು ಪದರಗಳಲ್ಲಿ ಮೇಲಿನದೊಂದೇ. ನನ್ನ ಮಟ್ಟಿಗೆ ಗಾಜಿನಲ್ಲಿ ಹೆಚ್ಚು ಹೇಳುವಂಥದ್ದಿಲ್ಲ.

ಬಿಸಿಲಿನ ಬಗ್ಗೆಯೂ ಒಂದು ಮಾತು. 30 ಮೀಟರ್ ಉದ್ದದ, ದಾರಿಯ ಅಂಚಿನಲ್ಲಿ ಕೈಯೂರಲು ಹಾಕಿದ ಉಕ್ಕಿನ ಕಂಬಿ ರಾತ್ರಿಯ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ 40 ಡಿಗ್ರಿ ಕಾದರೆ ಸುಮಾರು 14 ಮಿಲಿಮೀಟರ್ ಉದ್ದವಾಗುತ್ತದೆ. ಹಿಗ್ಗಲು ಜಾಗ ಕೊಡದಿದ್ದರೆ ಆ ಬಲವೆಲ್ಲ ಬೋಲ್ಟುಗಳ ಮೇಲೆ ಬೀಳುತ್ತದೆ. ಹೀಗಾಗಿ ಅದನ್ನು ತುಂಡು ತುಂಡಾಗಿ ಮಾಡಿ ನಡುವೆ ಸಂದು ಬಿಡುತ್ತಾರೆ.

ಮತ್ತೆ ಕಮಿನಿತೊಗೆ ಬರೋಣ. ಬಂಡೆ ಗಟ್ಟಿಯಿತ್ತು, ತೊಲೆ ಗಟ್ಟಿಯಿತ್ತು, ಆದರೂ ಹಳೆಯ ದಾರಿ ಹಾಳಾಯಿತು. ಕಾರಣ, ನೋಡಿಕೊಳ್ಳುವವರು ಇಲ್ಲವಾದರು. ತೆಳು ಕಾಂಕ್ರೀಟಿಗೆ ನೀರು ಇಳಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಜಾಸ್ತಿ ಜಾಗ ಬೇಕು. ಅದು ಹಿಗ್ಗಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಹಳೆಯ ಮನೆಯ ಚಜ್ಜಾ ಕೆಳಗೆ ಸಿಮೆಂಟು ಉದುರಿ ಕೆಂಪು ಕಂಬಿ ಕಾಣುವುದನ್ನು ನೀವೂ ನೋಡಿರುತ್ತೀರಿ. ಅಲ್ಲೂ ಹಾಸು ತುಂಡು ತುಂಡಾಗಿ ನದಿಗೆ ಬಿತ್ತು. ಎಷ್ಟೋ ಕಡೆ ಬರೀ ಕಬ್ಬಿಣದ ತೊಲೆ ಉಳಿಯಿತು, ಸಾಹಸಿಗಳು ಆ ಒಂದು ತೊಲೆಯ ಮೇಲೆ ಕಾಲಿಟ್ಟು ದಾಟುತ್ತಿದ್ದರು. 1999 ಮತ್ತು 2000ದಲ್ಲಿ ಸಾವುಗಳಾದ ಮೇಲೆ ದಾರಿ ಮುಚ್ಚಿದರು.

2014ರಲ್ಲಿ ಕೆಲಸ ಶುರುವಾಯಿತು, 2015ರ ಮಾರ್ಚಿನಲ್ಲಿ ಮತ್ತೆ ತೆರೆಯಿತು. ರಸ್ತೆಯಿಲ್ಲದ ಕಮರಿಗೆ ಸಾಮಾನನ್ನು ಹೆಲಿಕಾಪ್ಟರಿನಲ್ಲಿ ತಂದರು. ಹೊಸ ಆಂಕರ್, ಹೊಸ ಬ್ರಾಕೆಟ್, ಮೇಲೆ ಮರದ ಹಲಗೆ. ಆದರೆ ಹಳೆಯದನ್ನು ಕಿತ್ತು ಬಿಸಾಡಲಿಲ್ಲ. ಬಹಳ ಕಡೆ ಹೊಸ ದಾರಿ ಹಳೆಯದರ ಮೇಲೆಯೇ ಸಾಗುತ್ತದೆ. ಅದನ್ನು ಹಾಗೆ ಉಳಿಸಿದ್ದು ನನಗೆ ತುಂಬ ಮೆಚ್ಚಿಗೆಯಾದ ಸಂಗತಿ. ಕಟ್ಟಿದ ಕೂಲಿಯವರ ಕೈಕೆಲಸ ಇನ್ನೂ ಕಣ್ಣಿಗೆ ಕಾಣುತ್ತದೆ.

ಕಡಲತೀರದ ಬಂಡೆಗಳಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ಉತ್ತರ ಐರ್ಲೆಂಡಿನ ಗಾಬಿನ್ಸ್ ದಾರಿಯನ್ನು ರೈಲ್ವೆ ಎಂಜಿನಿಯರ್ ಬರ್ಕ್ಲಿ ಡೀನ್ ವೈಸ್ 1902ರಲ್ಲಿ ತೆರೆದ. ಅದೂ ಪಾಳುಬಿದ್ದು, 2015ರಲ್ಲೇ ಮತ್ತೆ ತೆರೆಯಿತು. ಆಮೇಲೂ ಬಂಡೆ ಕುಸಿದು ಮುಚ್ಚಬೇಕಾಗಿ ಬಂದಿದೆ. ಉಪ್ಪುಗಾಳಿಗೆ ಸಾಮಾನ್ಯ ಉಕ್ಕು ಬೇಗ ಸೋಲುತ್ತದೆ. ಥಾಯ್ಲೆಂಡಿನ ರೈಲೇ ಕಡಲತೀರದ ಸುಣ್ಣಕಲ್ಲಿನಲ್ಲಿ ಬಂಡೆ ಹತ್ತುವವರು ಹಾಕಿದ್ದ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳು ಕೂಡ ಹೊರಗೆ ಹೊಳೆಯುತ್ತಿದ್ದರೂ ಒಳಗೆ ಬಿರುಕುಬಿಟ್ಟು ಮುರಿದವು. ಕೊನೆಗೆ ಅಲ್ಲಿ ಟೈಟೇನಿಯಂ ಬೋಲ್ಟ್ ಹಾಕತೊಡಗಿದರು.

ಅದಕ್ಕೇ ಇಂಥ ದಾರಿಗಳಲ್ಲಿ ಕೆಲಸ ಮುಗಿಯಿತು ಅನ್ನುವ ದಿನ ಇಲ್ಲ. ಜೋರು ಗಾಳಿ, ಮಳೆ ಇದ್ದ ದಿನ ಕಮಿನಿತೊ ಮುಚ್ಚಿರುತ್ತದೆ. ದೊಡ್ಡ ಮಳೆಯಾದ ಮೇಲೆ ಯಾರನ್ನಾದರೂ ಬಿಡುವ ಮೊದಲು ತಲೆಯ ಮೇಲಿನ ಬಂಡೆಯನ್ನು ಮತ್ತೊಮ್ಮೆ ನೋಡಬೇಕು. ನಟ್ಟು ಸಡಿಲವಾಗಿದೆಯಾ, ಆಂಕರಿನ ಬುಡದಲ್ಲಿ ತುಕ್ಕಿನ ಗೆರೆ ಇಳಿದಿದೆಯಾ, ಬ್ರಾಕೆಟ್ಟಿನ ಹಿಂದೆ ಬಂಡೆಯಲ್ಲಿ ಹೊಸ ಬಿರುಕು ಮೂಡಿದೆಯಾ ಅಂತ ಒಂದೊಂದನ್ನೂ ಪರೀಕ್ಷಿಸಬೇಕು. ಅನುಮಾನ ಬಂದ ಕಡೆ ಮತ್ತೆ ಆ ಜ್ಯಾಕ್ ತೊಡಿಸಿ, ಕೈಪಂಪು ಒತ್ತಿ, ಮುಳ್ಳು ನಿಲ್ಲುತ್ತದಾ ಅಂತ ಕಾಯುತ್ತಾರೆ.